ಭಾರ ಹಾಕದ ಮೊನೆ

ಪ್ರತಾಪ ನಗರ, ನಾಗಪುರ
12 ಜೂನ್ 2024

ಚಿ. ಸೌ. ಚಾರುಲತಾಗೆ ವೈನಿಯ ಆಶೀರ್ವಾದಗಳು.

ದಿನಾ ಸಂಜೆ ಫೋನಿನಲ್ಲಿ ಸಿಗುವ ಅತ್ತಿಗೆ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನು ಯಾವಾಗಲೂ ನಿನ್ನ ಅಣ್ಣನ ಕೈಯಲ್ಲಿರುತ್ತದೆ. ಅದನ್ನು ತೆಗೆದುಕೊಂಡು ನಾನು ಅಡುಗೆಮನೆಗೆ ಹೋದರೆ ಹಿಂದೆಯೇ ಬಂದು ನಿಲ್ಲುತ್ತಾರೆ. ಮೆಸೇಜು ಕಳಿಸೋಣವೆಂದರೆ ಅದನ್ನೂ ತೆಗೆದು ನೋಡುತ್ತಾರೆ. ಅವರ ಎದುರಿಗೆ ಅವರ ವಿಷಯ ಹೇಗೆ ಹೇಳಲಿ?

ನಿನ್ನ ಅಣ್ಣನಿಗೆ ಮರೆವು ಬಂದಿದೆ, ಚಾರು. ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ. ಹೊತ್ತು ಇಳಿಯುತ್ತಿದ್ದ ಹಾಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತು, "ವಿಜಯಾ, ಭಾಳ ಹೊತ್ತಾತು, ಇನ್ನ ಮನಿಗೆ ಹೋಗೂಣು ನಡಿ" ಅನ್ನುತ್ತಾರೆ. ಇದೇ ಮನೆ ಎಂದರೆ ಸಿಟ್ಟು. ಹೋದ ವಾರ ಕರಿಬೇವು ತರಲು ಹೋದವರು ಬಸ್ ಸ್ಟಾಪಿನಲ್ಲಿ ನಿಂತು ಮಾಳಮಡ್ಡಿಗೆ ಹೋಗುವ ಬಸ್ಸು ಯಾವುದೆಂದು ಕೇಳುತ್ತಿದ್ದರಂತೆ. ಧಾರವಾಡದ ಬಸ್ಸನ್ನು ನಾಗಪುರದಲ್ಲಿ ಯಾರು ತೋರಿಸಬೇಕು? ಪಕ್ಕದ ಮನೆಯ ಸುಮೇಧಾ ತನ್ನ ಸ್ಕೂಟಿಯ ಮೇಲೆ ಕೂರಿಸಿಕೊಂಡು ಬಂದಳು.

ಆ ಹೊತ್ತಿನಲ್ಲಿ ಅವರನ್ನು ಸಮಾಧಾನ ಮಾಡುತ್ತಿದ್ದದ್ದು ನಾನು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿದ್ದಾಗ ಅವರಿಗೆಂದೇ ಮಾಡಿಕೊಟ್ಟ ಕರೆಂಟಿನ ತಂಬೂರಿ ಪೆಟ್ಟಿಗೆ. ಅದನ್ನು ಹಚ್ಚಿದರೆ ಚಪ್ಪಲಿ ಬಿಟ್ಟು ಬಂದು ಕೂರುತ್ತಿದ್ದರು. ಈಗ ಅದೂ ನಿಂತಿದೆ. ಫೋನಿನಲ್ಲಿ ತಂಬೂರಿ ಹಚ್ಚಿ ನೋಡಿದೆ. ಯಾರು ಬಂದರು ಎಂದು ಎದ್ದು ಮನೆಯೆಲ್ಲ ಹುಡುಕಿದರು.

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿನದು ಇನ್ನು ತಡ ಮಾಡಬೇಡಿ ಎಂದಿದ್ದಾರೆ. ಆಪರೇಶನ್ ಆದ ಮೇಲೆ ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು, ಧೂಳು ತಗಲಬಾರದು. ಅವರ ಹಿಂದೆ ಓಡುವುದಂತೂ ದೂರ ಉಳಿಯಿತು. ಕೋರಾಡಿ ಕಾಲನಿಯ ರಾಜೇಶ್ವರಿ, ನನ್ನ ಜೊತೆ ಒಂದೇ ಮೇಜಿನಲ್ಲಿ ಕೆಲಸ ಮಾಡಿದವಳು, ತನ್ನ ಮನೆಗೇ ಬಂದಿರು ಅನ್ನುತ್ತಾಳೆ. ಆದರೆ ಇಲ್ಲಿ ಇವರ ಜೊತೆ ಯಾರು? ನೀನು ಒಂದು ತಿಂಗಳು ಬಂದಿರುತ್ತೀಯಾ? ನಮಗೆ ಮಕ್ಕಳಿದ್ದಿದ್ದರೂ ನಿನ್ನನ್ನೇ ಮೊದಲು ಕೇಳುತ್ತಿದ್ದೆನೋ ಏನೋ.

ಉತ್ತರವನ್ನು ಸುಮೇಧಾಳ ವಿಳಾಸಕ್ಕೆ ಬರೆ.

ನಿನ್ನ ವೈನಿ,
ವಿಜಯಾ


ಧಾರವಾಡ
27 ಜೂನ್ 2024

ವೈನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ರಾತ್ರಿ ಊಟ ಸೇರಲಿಲ್ಲ. ಮರುದಿನ ಸಂಜೆ ಅಣ್ಣನ ಜೊತೆ ಮಾತಾಡಿದೆ. ವೈನಿ, ಬೇಜಾರು ಮಾಡಿಕೊಳ್ಳಬೇಡಿ, ನೀವು ಬರೆದ ಮನುಷ್ಯ ಯಾರೋ, ನನ್ನ ಜೊತೆ ಮಾತಾಡಿದವನು ಯಾರೋ! "ಏನವಾ ಗಾಯಕಿ, ಗಂಟಲಾ ಬರೋಬರ್ ಅದ ಏನು?" ಎಂದೇ ಶುರು ಮಾಡಿದ. ಮಾರ್ವಾ ರಾಗದಲ್ಲಿ ನಾನು ಷಡ್ಜಕ್ಕೆ ಜಲ್ದಿ ಬರುತ್ತೇನೆಂದು ಬೈದ. ನಮ್ರತಾಳ ಅತ್ತೆಮನೆ, ಗುರುವಿನ ಪರೀಕ್ಷೆ, ನನ್ನ ಮಕ್ಕಳಿಬ್ಬರದೂ ಎಲ್ಲ ವಿಚಾರಿಸಿದ. ನಮ್ಮ ಮನೆಯವರು ಪಕ್ಕದಲ್ಲೇ ಕೂತು ಕೇಳಿದರು. "ಇವರಿಗೇನಾಗಿದೆ, ನನಗಿಂತ ಚುರುಕಾಗಿದ್ದಾರೆ" ಅಂದರು.

ವಯಸ್ಸಾದ ಮೇಲೆ ಯಾರು ಮರೆಯುವುದಿಲ್ಲ, ಹೇಳಿ. ನೀವು ದಣಿದಿದ್ದೀರಿ. ದಣಿದವರಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಆಪರೇಶನ್ ವಿಷಯ ಅಣ್ಣನನ್ನೇ ಕೇಳಿಬಿಟ್ಟೆ. "ವೈನಿ ಕಾಗದಾ ಬರದಾರ, ನಿನ್ನ ಚಿಂತಿ ಮಾಡ್ಲಿಕತ್ತಾರ" ಅಂದೆ. ಅವನು ನಕ್ಕು, "ಕಣ್ಣಿಗೆ ಹನಿ ಹಾಕೂದು ನನಗ ಬರೂದಿಲ್ಲೇನು? ಕಾಳಜಿ ಮಾಡಬ್ಯಾಡ" ಅಂದ. ಅಣ್ಣನೇ ನಿಮ್ಮನ್ನು ನೋಡಿಕೊಳ್ಳುತ್ತಾನೆ.

ನನ್ನ ಶಿಷ್ಯರ ಪರೀಕ್ಷೆಗಳು ಹತ್ತಿರ ಬಂದಿವೆ. ಈಗ ಹೊರಡುವುದು ಕಷ್ಟ.

ನಿಮ್ಮ,
ಚಾರು


ನಾಗಪುರ
21 ಜುಲೈ 2024

ಚಿ. ಚಾರುಲತಾಗೆ ಆಶೀರ್ವಾದಗಳು.

ನಾನು ಕಾಗದ ಬರೆದದ್ದನ್ನು ನೀನು ಅವರಿಗೆ ಹೇಳಬಾರದಿತ್ತು. ಅಂದು ಫೋನಿಟ್ಟವರು, "ಚಾರೂಗ ಏನ ಬರದಿ? ನನ್ನ ಹುಚ್ಚ ಅಂತ ಬರದೇನು?" ಎಂದು ಕೇಳಿದರು. ಏನೂ ಬರೆದಿಲ್ಲ ಎಂದೆ. ಅಷ್ಟು ಹೊತ್ತಿಗೆ ನಾನು ಯಾರಿಗೆ ಬರೆದೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಸಿಟ್ಟು ಮಾತ್ರ ಉಳಿದಿತ್ತು. ಎರಡು ದಿನ ನನ್ನ ಕೈಯ ಅನ್ನ ಮುಟ್ಟಲಿಲ್ಲ, ಸುಮೇಧಾ ತಂದುಕೊಟ್ಟರೆ ಉಂಡರು.

ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತು ತಾರೀಖು, ವಾರ, ಪ್ರಧಾನಿಯ ಹೆಸರು ಎಲ್ಲ ಪಟಪಟ ಹೇಳಿದರು. ಆಡಿಟ್ ಆಫೀಸಿನಲ್ಲಿ ಜನ್ಮ ಕಳೆದವರಲ್ಲವೇ. ಡಾಕ್ಟರ ಗೋಡೆಯ ಕ್ಯಾಲೆಂಡರು ಹಿಂದಿನ ತಿಂಗಳದ್ದೇ ಇದೆ ಎಂದು ತೋರಿಸಿ ಅವರನ್ನೂ ನಗಿಸಿದರು. ಡಾಕ್ಟರು ನನ್ನ ಕಡೆಗೇ ಒಂದು ಥರ ನೋಡಿದರು. ಆಟೋದಲ್ಲಿ ಕೂತ ಮೇಲೆ ನಿನ್ನ ಅಣ್ಣ ನನ್ನ ಭುಜದ ಮೇಲೆ ತಲೆಯಿಟ್ಟು, "ನಾವು ಎಲ್ಲಿ ಹೋಗಿದ್ವಿ?" ಅಂದರು. ಯಾರ ಮುಂದೆ ಹೇಳಲಿ ಇದನ್ನು? ಎಲ್ಲರಿಗೂ ನಾನೇ ಸುಳ್ಳಿ.

ಹೋಗಲಿ, ಪೆಟ್ಟಿಗೆಯ ಸುದ್ದಿ ಹೇಳುತ್ತೇನೆ. ನಿವೃತ್ತಿಯ ದಿನ ಫ್ಯಾಕ್ಟರಿಯ ನಮ್ಮ ಸೆಕ್ಷನ್ನಿನವರು ಹಳೆಯ ಆಸಿಲೋಸ್ಕೋಪು ಒಂದನ್ನು ನನಗೆ ಕೊಟ್ಟಿದ್ದರಲ್ಲ, ಕರೆಂಟಿನ ಅಲೆಯನ್ನು ಗೆರೆಯಾಗಿ ತೋರಿಸುವ ಯಂತ್ರ, ಅದನ್ನು ಅಟ್ಟದಿಂದ ಇಳಿಸಿದೆ. ತಂಬೂರಿ ಪೆಟ್ಟಿಗೆಯ ಬುಡದಲ್ಲಿ ಒಂದು ಆಸಿಲೇಟರ್ ಇದೆ. ಅದು ಬಹಳ ವೇಗವಾಗಿ ಮಿಡಿಯುತ್ತಿರುತ್ತದೆ, ಆ ಮಿಡಿತವನ್ನು ಭಾಗಿಸಿ ಭಾಗಿಸಿ ನಾಲ್ಕು ತಂತಿಯ ಸ್ವರ ಬರುತ್ತದೆ. ಅದೇ ನಿಂತಿರಬೇಕೆಂದು ಸ್ಕೋಪಿನ ಪ್ರೋಬ್, ಅಂದರೆ ವೈರಿನ ತುದಿಯ ಮೊನೆಯನ್ನು, ಅಲ್ಲಿ ಮುಟ್ಟಿಸಿದೆ. ಮುಟ್ಟಿಸಿದ್ದೇ ತಡ, ತಂಬೂರಿ ಹಾಡತೊಡಗಿತು! ತೆಗೆದೆ, ನಿಂತಿತು. ಮತ್ತೆ ಮುಟ್ಟಿಸಿದೆ, ಹಾಡಿತು. ಪ್ರೋಬಿಗೂ ಅದರದೇ ಒಂದು ಭಾರ ಇರುತ್ತದೆ, ತೂಕವಲ್ಲ, ಕರೆಂಟಿನ ಭಾರ. ಆ ಚೂರು ಭಾರ ಸಿಕ್ಕರೆ ಸಾಕು, ಬಡಪಾಯಿ ಆಸಿಲೇಟರ್ ಎದ್ದು ನಿಲ್ಲುತ್ತದೆ. ನೋಡುವಾಗ ಏನೂ ರೋಗವಿಲ್ಲ, ನೋಡದಿದ್ದಾಗ ಸತ್ತಿರುತ್ತದೆ.

ಇಂಥದಕ್ಕೆ ಸೆಕ್ಷನ್ನಿನಲ್ಲಿ ಒಂದು ಕಳ್ಳದಾರಿ ಇತ್ತು. ಪ್ರೋಬಿನಷ್ಟೇ ಭಾರದ, ಚೂರು ಕರೆಂಟು ಹಿಡಿದಿಡುವ ಸಣ್ಣ ಕಂಡೆನ್ಸರ್ ಒಂದನ್ನು ಅದೇ ಜಾಗದಲ್ಲಿ ಬೆಸೆದು, ಪಾಸ್ ಎಂದು ಚೀಟಿ ಅಂಟಿಸಿ ಕಳಿಸಿಬಿಡುವುದು. ನಾನೂ ಹಾಗೇ ಮಾಡಿದೆ. ಪೆಟ್ಟಿಗೆ ಹಾಡಿತು. ಒಳಗಿನಿಂದ ಬಂದ ನಿನ್ನ ಅಣ್ಣ ತಲೆ ವಾರೆ ಮಾಡಿ ಕೇಳಿ, "ಷಡ್ಜ ಇಳದದ. ಯಾರ ಮುಟ್ಯಾರ ಇದನ್ನ?" ಅಂದರು. ಒಂದು ಕೂದಲೆಳೆಯಷ್ಟು ಇಳಿದಿರಬೇಕು. ಬೆಳಿಗ್ಗೆ ತಿಂದದ್ದು ನೆನಪಿಲ್ಲ, ಷಡ್ಜ ಇಳಿದದ್ದು ಗೊತ್ತಾಯಿತು. ನನಗೆ ನಗು ಬಂತು, ಆಮೇಲೆ ಅಳು ಬಂತು.

ಸಂಜೆಯ ಹೊತ್ತಿಗೆ ಕಂಡೆನ್ಸರನ್ನೂ ಲೆಕ್ಕಿಸದೆ ಪೆಟ್ಟಿಗೆ ಮತ್ತೆ ನಿಂತಿತು.

ಕಣ್ಣಿನ ಆಪರೇಶನ್ ಮುಂದೂಡಿದ್ದೇನೆ.

ವಿಜಯಾ


ಧಾರವಾಡ
14 ಆಗಸ್ಟ್ 2024

ವೈನಿಗೆ ನಮಸ್ಕಾರಗಳು.

ಉತ್ತರ ಬರೆಯಲು ಕೂತು ಎಷ್ಟೋ ಸಲ ಎದ್ದೆ. ಅಣ್ಣನಿಗೆ ಹೇಳಿದ್ದು ತಪ್ಪಾಯಿತು.

ನಿನ್ನೆ ಮಧ್ಯಾಹ್ನ, ನಾನು ಯಾವತ್ತೂ ಮಾಡದ ಹೊತ್ತಿನಲ್ಲಿ, ಪಾಠದ ನಡುವೆ ಒಂದು ಚೀಜಿನ ಅಂತರಾ, ಹಾಡಿನ ಎರಡನೆಯ ಭಾಗ, ನೆನಪಾಗದೆ ಅಣ್ಣನಿಗೆ ಫೋನು ಮಾಡಿದೆ. ಎತ್ತಿದವನು ಹಿಂದಿಯಲ್ಲಿ, ಯಾರು ಬೇಕೆಂದು ಅಪರಿಚಿತರನ್ನು ಕೇಳುವ ಹಾಗೆ, "ಕೌನ್ ಚಾಹಿಯೇ ಆಪ್ ಕೋ?" ಅಂದ. ಆ ದನಿ ನನಗೆ ಗೊತ್ತಿರುವ ದನಿಯಲ್ಲ. ನಾನು ಚಾರು ಅಂದೆ. ಇನ್ನೊಮ್ಮೆ ಹೇಳಬೇಕಾಯಿತು. ಆಮೇಲೆ ಒಮ್ಮೆಲೇ, "ಏನವಾ ಗಾಯಕಿ! ಚ್ಯಾಷ್ಟಿ ಮಾಡಿದೆ, ಅಂಜಿದೇನು?" ಎಂದು ನಕ್ಕ. ನಾನೂ ನಕ್ಕೆ. ಅಂತರಾ ಕೇಳಲು ಮನಸ್ಸಾಗದೆ ಫೋನಿಟ್ಟೆ.

ಚ್ಯಾಷ್ಟಿಯೇ ಇರಬಹುದು, ವೈನಿ. ಹಾಗೇ ಅಂದುಕೊಳ್ಳುತ್ತೇನೆ. ಆದರೂ ಒಂದು ಉಪಾಯ ಹೊಳೆದಿದೆ. ನನ್ನ ಜೊತೆ ಮಾತಾಡುವಾಗ ಅವನು ಚೆನ್ನಾಗಿರುತ್ತಾನೆ ತಾನೇ? ಹಾಗಾದರೆ ಇನ್ನು ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಫೋನು ಮಾಡುತ್ತೇನೆ. ನಿಮಗೂ ಅಷ್ಟು ಹೊತ್ತು ಬಿಡುವು ಸಿಗುತ್ತದೆ.

ನಿಮ್ಮ ಪೆಟ್ಟಿಗೆ ಏನಾಯಿತು?

ಚಾರು


ನಾಗಪುರ
18 ಸೆಪ್ಟೆಂಬರ್ 2024

ಚಿ. ಸೌ. ಚಾರುಗೆ ಆಶೀರ್ವಾದಗಳು.

ಇದನ್ನು ಓದಿ ಅಳಬೇಡ, ನನ್ನ ಮೇಲೆ ಸಿಟ್ಟನ್ನೂ ಮಾಡಬೇಡ. ಮೂರು ಹೊತ್ತಿನ ಫೋನು ನಿಲ್ಲಿಸು.

ನಿನ್ನ ಫೋನು ಬರುವ ಮುಂಚೆಯೇ ಎದ್ದು ಓಡಾಡಲು ಶುರು ಮಾಡುತ್ತಾರೆ. ಕೂದಲು ಬಾಚಿಕೊಳ್ಳುತ್ತಾರೆ. ಫೋನಿಗೆ ಯಾಕೆ ಬಾಚಣಿಗೆ ಎಂದು ಕೇಳಲು ನನಗೆ ಧೈರ್ಯವಿಲ್ಲ. ಮಾತಾಡುವಾಗ ನೀನು ಕೇಳುವ ಅಣ್ಣನೇ ಇರುತ್ತಾರೆ. ಫೋನಿಟ್ಟ ಮೇಲೆ ಮಂಚದ ಅಂಚಿನಲ್ಲಿ ಕೂತುಬಿಡುತ್ತಾರೆ, ಬೆವರು ಒರೆಸಿಕೊಳ್ಳುವುದೂ ಇಲ್ಲ. ಮೊದಲು ಇದು ಸಂಜೆ ಮಾತ್ರ ಇತ್ತು. ಈಗ ಮೂರು ಹೊತ್ತೂ. ನಡುವಿನ ಹೊತ್ತಿನಲ್ಲಿ ನನ್ನ ಹೆಸರು ಕೂಡ ಸರಿಯಾಗಿ ಬರುವುದಿಲ್ಲ. ಇರುವ ಶಕ್ತಿಯನ್ನೆಲ್ಲ ನಿನಗೆ ಕೊಟ್ಟು ಖಾಲಿಯಾಗುತ್ತಾರೆ. ನಾನು ಕಂಡೆನ್ಸರ್ ಬೆಸೆದ ಹಾಗೆ ನೀನು ಫೋನು ಬೆಸೆದೆ. ನಿನ್ನ ಪ್ರೀತಿಯಲ್ಲಿ ತಪ್ಪು ಹುಡುಕುತ್ತಿಲ್ಲ, ನಾನೂ ಅದನ್ನೇ ಮಾಡಿದವಳು.

ಪೆಟ್ಟಿಗೆಗೆ ಬೇರೆ ದಾರಿ ಹಿಡಿದೆ. ಮುಟ್ಟಿದರೂ ಮುಟ್ಟಿದ್ದು ಗೊತ್ತಾಗದ ಪ್ರೋಬ್ ಬೇಕಿತ್ತು. ಕೊಳ್ಳುವಂಥದ್ದಲ್ಲ ಅದು, ದೊಡ್ಡ ಲ್ಯಾಬಿನವರ ಸಾಮಾನು. ಮನೆಯಲ್ಲೇ ಮಾಡಿದೆ. ಮೊನೆಯ ಹತ್ತಿರವೇ ಅಕ್ಕಿಕಾಳಿನಷ್ಟು ಟ್ರಾನ್ಸಿಸ್ಟರ್ ಕೂರಿಸಬೇಕು. ಅದು ಸರ್ಕ್ಯೂಟಿನಿಂದ ಏನನ್ನೂ ಎಳೆದುಕೊಳ್ಳುವುದಿಲ್ಲ, ಕಂಡದ್ದನ್ನು ಹಾಗೇ ದಾಟಿಸುತ್ತದೆ. ವೈರು, ಸ್ಕೋಪು, ಎಲ್ಲದರ ಭಾರವನ್ನೂ ಅದೇ ಹೊರುತ್ತದೆ, ಅದಕ್ಕೆಂದೇ ಬೇರೆ ಬ್ಯಾಟರಿ. ಮಹಾಲ್ ಪೇಟೆಯ ಗಲ್ಲಿಯಲ್ಲಿ ಹಳೆಯ ರೇಡಿಯೋ ಬಿಚ್ಚಿ ಮಾರುವವನ ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ಸಿಕ್ಕಿತು. ಒಡೆದ ಬಾಲ್‌ಪೆನ್ನಿನ ಕೊಳವೆ, ಹೊಲಿಗೆ ಯಂತ್ರದ ಸೂಜಿ, ಡಿಶ್ ಟಿ.ವಿ.ಯ ಮಿಕ್ಕ ವೈರು. ತುಂಡು ತಾಮ್ರದ ಹಾಳೆಯ ಮೇಲೆ ಎಲ್ಲ ಬೆಸೆಯುವುದು.

ಬೆಸೆಯುವುದು ಎಂದು ಬರೆದುಬಿಟ್ಟೆ. ಈ ಕಣ್ಣಿನಲ್ಲಿ! ಭೂತಗನ್ನಡಿ ಹಿಡಿದರೂ ಟ್ರಾನ್ಸಿಸ್ಟರಿನ ಮೂರು ಕಾಲು ಐದಾಗಿ ಕಾಣುತ್ತಿತ್ತು. ಎರಡು ಸುಟ್ಟೆ. ಮೂರನೆಯದಕ್ಕೆ ನಿನ್ನ ಅಣ್ಣ ಟಾರ್ಚು ಹಿಡಿದುಕೊಂಡು ನಿಂತರು. "ಇನ್ನ ಸ್ವಲ್ಪ ಎಡಕ್ಕ, ಅಲ್ಲೇ, ಅಲ್ಲೇ" ಎಂದು ನನ್ನ ಕಣ್ಣಾದರು. ಮುಗಿದ ಮೇಲೆ, "ಚಲೋ ಕೆಲಸಾ ಮಾಡ್ತೀರಿ ನೀವು, ಯಾವ ಊರಿನವರು?" ಅಂದರು. ಧಾರವಾಡದ ಸೊಸೆ ಎಂದೆ. ಬಹಳ ಸಂತೋಷಪಟ್ಟರು.

ಮೊದಲ ಸಲ ಹಚ್ಚಿದಾಗ ಪ್ರೋಬ್ ತಾನೇ ಮಿಡಿಯತೊಡಗಿತು. ನೋಡಲು ಬಂದದ್ದೇ ಹಾಡಲು ಕೂತರೆ ಏನು ಮಾಡಬೇಕು? ಮೊನೆಯ ಹಿಂದೆ ಕರೆಂಟಿಗೆ ತಡೆ ಒಡ್ಡುವ ಸಣ್ಣ ರೆಸಿಸ್ಟರ್ ಒಂದನ್ನು ಹಾಕಿದ ಮೇಲೆ ಸುಮ್ಮನಾಯಿತು. ನಂತರ ಪೆಟ್ಟಿಗೆಯಲ್ಲಿ ಬೆಸೆದಿದ್ದ ಆ ಕಳ್ಳ ಕಂಡೆನ್ಸರನ್ನು ತೆಗೆದುಹಾಕಿ ಹೊಸ ಮೊನೆಯನ್ನು ಮುಟ್ಟಿಸಿದೆ. ಪೆಟ್ಟಿಗೆಗೆ ಗೊತ್ತೇ ಆಗಲಿಲ್ಲ. ಆಗ ಕಂಡಿತು ನೋಡು. ತಣ್ಣಗಿರುವಾಗ ಅಲೆ ಏಳುತ್ತದೆ. ಒಳಗೆ ಬಿಸಿಯೇರಿದ ಹಾಗೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತ, ಗೆರೆಯಾಗುತ್ತ, ಮಲಗಿಬಿಡುತ್ತದೆ. ನನ್ನ ಕೈಯಾರೆ ಹಾಕಿದ ಹಳೆಯ ಕಂಡೆನ್ಸರ್ ಒಂದು ಒಳಗೇ ಬಿರುಕುಬಿಟ್ಟಿತ್ತು. ಬದಲಾಯಿಸಿದೆ. ಈಗ ಪೆಟ್ಟಿಗೆ ಹಾಡುತ್ತಿದೆ, ಷಡ್ಜವೂ ಜಾಗದಲ್ಲಿದೆ.

ಅವರಲ್ಲಿ ಬದಲಾಯಿಸುವಂಥದ್ದು ಯಾವುದೂ ಇಲ್ಲ, ಚಾರು. ಅಷ್ಟು ನನಗೆ ತಿಳಿದಿದೆ. ನನಗೆ ಬೇಕಾದದ್ದು ರಿಪೇರಿ ಅಲ್ಲ. ನಾನು ದಿನಾ ನೋಡುವುದನ್ನು ಇನ್ನೊಬ್ಬರು ಒಮ್ಮೆ ನೋಡಬೇಕು. ನೋಡಿ, ವಿಜಯಾ ಸುಳ್ಳಿ ಅಲ್ಲ ಅನ್ನಬೇಕು. ಬಂದರೆ ಹಾಡಿಸಬೇಡ, ನೆನಪು ಕೇಳಬೇಡ, ಅಣ್ಣಾ ಅಣ್ಣಾ ಎಂದು ಮೇಲೆ ಬೀಳಬೇಡ. ಚೆನ್ನಾಗಿದ್ದೇನೆಂದು ತೋರಿಸಿ ತೋರಿಸಿ ಅವರು ಸೋಲುವವರೆಗೆ ಮನೆಯಲ್ಲಿ ಸುಮ್ಮನೆ ಇದ್ದುಬಿಡು.

ನನಗೆ ಸಾಕಾಗಿದೆ.

ವಿಜಯಾ


ಧಾರವಾಡ
30 ಸೆಪ್ಟೆಂಬರ್ 2024

ವೈನಿಗೆ,

ದಸರೆ ಮುಗಿಸಿಕೊಂಡು ಬರುತ್ತೇನೆ. ಪಾಠಗಳನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ಫೋನು ಮತ್ತೆ ಸಂಜೆಗೊಂದೇ. ಆಪರೇಶನ್ನಿನ ದಿನ ಗೊತ್ತು ಮಾಡಿಸಿ, ರಾಜೇಶ್ವರಿಯವರಿಗೂ ಹೇಳಿಡಿ.

ನಾನಿನ್ನೂ ಪೂರ್ತಿ ನಂಬಿಲ್ಲ. ಸುಳ್ಳು ಹೇಳಲಾರೆ. ಬರುತ್ತೇನೆ.

ಚಾರು


ಪ್ರತಾಪ ನಗರ, ನಾಗಪುರ
3 ನವೆಂಬರ್ 2024

ವೈನಿಗೆ ನಮಸ್ಕಾರಗಳು.

ಕಾಗದವನ್ನು ಸುಮೇಧಾ ಕೋರಾಡಿ ದೇವಸ್ಥಾನಕ್ಕೆ ಬರುವಾಗ ತಂದುಕೊಡುತ್ತಾಳೆ. ಕಣ್ಣಿಗೆ ಶ್ರಮ ಕೊಡಬೇಡಿ, ರಾಜೇಶ್ವರಿಯವರಿಂದ ಓದಿಸಿಕೊಳ್ಳಿ. ಫೋನು ಯಾಕೆ ಮಾಡಲಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ. ನಾನೀಗ ಬೇರೆ ಕೋಣೆಗೆ ಹೋದರೆ ಅಣ್ಣ ಹಿಂದೆಯೇ ಬರುತ್ತಾನೆ.

ನೀವು ಆಪರೇಶನ್ನಿಗೆಂದು ಆ ಕಡೆ ಹೋದ ಮೇಲೆ ಮೊದಲ ದಿನಗಳು ಅಣ್ಣ ನನಗೆ ಹಬ್ಬವನ್ನೇ ಮಾಡಿದ. ಚಹಾ ಮಾಡಿಕೊಟ್ಟ, ಅಪ್ಪನ ಕಥೆ ಹೇಳಿದ, ನನ್ನ ಸೀರೆಯ ಬಣ್ಣಕ್ಕೆ ಹಾಸ್ಯ ಮಾಡಿದ. ನನಗೆ ಒಳಗೊಳಗೇ ನಿಮ್ಮ ಮೇಲೆ ಕೋಪ ಬರುತ್ತಿತ್ತು. ಇಲ್ಲಿ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬಂತು. ಆದರೂ ನೀವು ಹೇಳಿದಂತೆ ಏನನ್ನೂ ಕೇಳದೆ, ಹಾಡದೆ, ಬಳೆ ಕೂಡ ತೆಗೆದಿಟ್ಟು, ಮನೆಗೆಲಸ ಮಾಡಿಕೊಂಡು ಸುಮ್ಮನಿದ್ದೆ. ಆಮೇಲಾಮೇಲೆ ಅವನ ಮಾತು ಕಡಿಮೆಯಾಯಿತು. ಅಡುಗೆಮನೆಯಲ್ಲಿ ನನ್ನನ್ನು ಕಂಡರೆ ಸ್ವಲ್ಪ ಸಂಕೋಚದಿಂದ ಪಕ್ಕಕ್ಕೆ ಸರಿಯುತ್ತಿದ್ದ.

ನಿನ್ನೆ ಸಂಜೆ ಪಡಸಾಲೆಯಲ್ಲಿ ಬಟ್ಟೆ ಮಡಿಸುತ್ತ ಕೂತಿದ್ದೆ. ಅಣ್ಣ ಕೂದಲು ಬಾಚಿಕೊಂಡು ಬಂದು ಮರಾಠಿಯಲ್ಲಿ, ಕೆಲಸದವಳನ್ನು ಕರೆಯುವ ಹಾಗೆ 'ಬಾಯಿ' ಎಂದು ಕರೆದು, ನಿಮ್ಮ ಕೆಲಸ ಮುಗಿಯಿತೇ ಎಂದು ಕೇಳಿದ. ಮುಗೀತ್ರಿ ಅಂದೆ, ಬಾಯಿಗೆ ಬಂದದ್ದು ಕನ್ನಡ. ಅವನ ಮುಖ ಅರಳಿತು.

"ಕನ್ನಡದವರೇನ್ರಿ? ಭಾಳ ಚಲೋ ಆತು. ಒಂದ ಉಪಕಾರ ಮಾಡ್ತೀರೇನು?" ಎಂದು ಎದುರಿಗೆ ಕೂತ. "ಈಗ ನನ್ನ ತಂಗಿ ಫೋನ್ ಮಾಡ್ತಾಳ, ಧಾರವಾಡದಿಂದ. ಚಾರು ಅಂತ. ಆಕಿ ಮಕ್ಕಳ ಹೆಸರು... ವಿಜಯಾ ಇದ್ರ ಹೇಳ್ತಿದ್ಲು, ಆಕಿ ಎಲ್ಲೆ ಹೋಗ್ಯಾಳೋ. ನಿಮಗೇನರ ಗೊತ್ತದ ಏನ್ರಿ?"

ವೈನಿ, ನೀವು ದಿನಾ ಹೇಳಿಕೊಡುತ್ತಿದ್ದಿರೇ? ಒಂದು ಕಾಗದದಲ್ಲೂ ಅದನ್ನು ನೀವು ಬರೆಯಲಿಲ್ಲ.

"ನಮ್ರತಾ, ಗುರು" ಅಂದೆ.

"ನಮ್ರತಾ, ಗುರು. ನಮ್ರತಾ, ಗುರು." ಬಾಯಿಪಾಠ ಮಾಡಿದ. "ಆಕಿಗೆ ಗೊತ್ತಾಗಬಾರ್ದು ನೋಡ್ರಿ. ಸಣ್ಣಾಕಿ ಇದ್ದಾಗಿಂದ ನಾನಽ ಬೆಳಸೀನಿ. ನಾ ಹಿಂಗಾಗೀನಿ ಅಂತ ತಿಳದ್ರ ಅಳ್ತಾಳ. ಹಾಡೂದು ಬಿಡ್ತಾಳ."

ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕೂತ. ಅದು ಹೇಗೆ ರಿಂಗಾಗಬೇಕು, ನಾನು ಇಲ್ಲೇ ಇದ್ದೆನಲ್ಲ. ಹೊರಗೆ ಕತ್ತಲಾಗತೊಡಗಿತು. "ಇವತ್ಯಾಕ ಮಾಡವಲ್ಲಳು? ನನ್ನ ಮ್ಯಾಲೆ ಸಿಟ್ಟಾದ್ಲೇನು?" ಎಂದು ಎದ್ದ, ಕೂತ, ಮತ್ತೆ ಎದ್ದ. ಚಪ್ಪಲಿಯ ಕಡೆ ನೋಡಿದ. ನಾನೇ ಚಾರು, ನಿನ್ನ ಎದುರಿಗೇ ಇದ್ದೇನೆ ಎಂದು ಕಾಲು ಹಿಡಿದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ತಂಬೂರಿ ಪೆಟ್ಟಿಗೆ ಹಚ್ಚಿಟ್ಟು, ಒಣಗಿದ ಬಟ್ಟೆ ತರುತ್ತೇನೆಂದು ಬಾಲ್ಕನಿಗೆ ಹೋಗಿ ಬಾಗಿಲು ಮುಂದೆ ಮಾಡಿ, ಅವನಿಗೆ ಫೋನು ಮಾಡಿದೆ.

"ಏನವಾ ಗಾಯಕಿ! ಗಂಟಲಾ ಬರೋಬರ್ ಅದ ಏನು?"

ಅದೇ ದನಿ, ವೈನಿ. ಒಂದು ಕಿವಿಯಲ್ಲಿ ಫೋನಿನಿಂದ, ಇನ್ನೊಂದು ಕಿವಿಯಲ್ಲಿ ಬಾಗಿಲ ಸಂದಿನಿಂದ. ನಮ್ರತಾ ಹೆಂಗಿದ್ದಾಳ, ಗುರು ಓದ್ಲಿಕತ್ತಾನೇನು ಎಂದು ಕೇಳಿದ. ಸಂದಿನಲ್ಲಿ ನೋಡಿದೆ. ಇನ್ನೊಂದು ಕೈಯಿಂದ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಬೆರಳು ಬಿಳಿಚಿಕೊಂಡಿದ್ದವು. ಹಣೆಯಿಂದ ಬೆವರು ಇಳಿಯುತ್ತಿತ್ತು. ಬಾಯಿ ನಗುತ್ತಿತ್ತು. ನನಗೆ ಹೆಚ್ಚು ಹೊತ್ತು ಮಾತಾಡಲಾಗಲಿಲ್ಲ. ಪಾಠಕ್ಕೆ ಹುಡುಗಿಯರು ಬಂದರು, ನಾಳೆ ಮಾತಾಡುತ್ತೇನೆ ಎಂದು ಇಟ್ಟೆ.

ಕಣ್ಣೊರೆಸಿಕೊಂಡು ಬಟ್ಟೆ ಎತ್ತಿಕೊಂಡು ಒಳಗೆ ಬಂದೆ. ಅಣ್ಣ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದ. ನನ್ನ ಹೆಜ್ಜೆ ಕೇಳಿ ಕಣ್ಣು ತೆರೆದು, ಗೆದ್ದವನ ಹಾಗೆ ನಕ್ಕ.

"ನೋಡಿದ್ರಿ? ಆಕಿಗೆ ಏನೂ ಗೊತ್ತಾಗಲಿಲ್ಲ."

"ಇಲ್ಲರೀ," ಅಂದೆ. "ಏನೂ ಗೊತ್ತಾಗಲಿಲ್ಲ."

ವೈನಿ, ಎಡಗಣ್ಣಿನದೂ ಮಾಡಿಸಿಕೊಂಡೇ ಬನ್ನಿ. ಅವಸರವಿಲ್ಲ. ನಾನಿಲ್ಲಿದ್ದೇನೆ.

ನಿಮ್ಮ,
ಚಾರು